ನಮ್ಮೂರ 27 ನಿಮಿಷ

ವಿಜಯಪುರದ ಗಡಿಯಾರಗಳೆಲ್ಲ ಸುಮಾರು 27 ನಿಮಿಷ ಮುಂದೆ ಓಡುತ್ತಿವೆ. ಕೆಟ್ಟಿಲ್ಲ, ಸರಕಾರವೇ ಹಾಗೆ ಇಟ್ಟಿದೆ. ಇಡೀ ದೇಶದ ಹೊತ್ತು ನಿಂತಿರುವುದು ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾಯ್ದುಹೋಗುವ 82.5 ಡಿಗ್ರಿ ರೇಖಾಂಶದ ಮೇಲೆ. ನಾವಿರುವುದು 75.7ರ ಆಸುಪಾಸಿನಲ್ಲಿ. ಒಂದು ಡಿಗ್ರಿಗೆ 4 ನಿಮಿಷ, ಲೆಕ್ಕ ಹಾಕಿ ನೋಡಿ. ಹತ್ತಕ್ಕೆ ಬರ್ತೀನಿ ಅಂದವನು ನಮ್ಮೂರಲ್ಲಿ ಹತ್ತೂವರೆಗೆ ಬಂದರೆ ಬೈಯಬೇಡಿ. ಸೂರ್ಯನ ಲೆಕ್ಕದಲ್ಲಿ ಅವನು ಮೂರೇ ನಿಮಿಷ ತಡ.

ಈ ಜ್ಞಾನವೆಲ್ಲ ಹುಟ್ಟಿದ್ದು ಅಕ್ಕನ ಮಗ ಅಸ್ಸಾಮಿನ ದಿಬ್ರುಗಢಕ್ಕೆ ಬ್ಯಾಂಕಿನ ಕೆಲಸದ ಮೇಲೆ ಹೋದ ನಂತರ. ಡಿಸೆಂಬರಿನಲ್ಲಿ ಸಂಜೆ ಐದಕ್ಕೆ ವಿಡಿಯೋ ಕಾಲ್ ಮಾಡಿದರೆ ಅವನ ಹಿಂದೆ ಟ್ಯೂಬ್‌ಲೈಟು, ಮೈಮೇಲೆ ಸ್ವೆಟರು, ಕಿಟಕಿಯಾಚೆ ಗವ್ವೆನ್ನುವ ಕತ್ತಲು. ನನ್ನ ಹಿಂದೆ ತಂತಿಯ ಮೇಲಿನ ಧೋತರಕ್ಕೆ ಇನ್ನೂ ಬಿಸಿಲು. “ಮಾಮಾ, ಊಟಾ ಆತೇನ್ರಿ?” ಅನ್ನುತ್ತಾನೆ. ಸಂಜೆ ಐದಕ್ಕೆ ರಾತ್ರಿಯ ಊಟ ವಿಚಾರಿಸುವ ಮನುಷ್ಯನನ್ನು ನಮ್ಮ ಕಡೆ ನೆಟ್ಟಗೆ ದವಾಖಾನೆಗೆ ಕರೆದುಕೊಂಡು ಹೋಗುತ್ತಾರೆ. ಜೂನಿನಲ್ಲಿ ಅವನಿಗೆ ನಾಲ್ಕೂಕಾಲಿಗೇ ಹೊತ್ತು ಮೂಡುತ್ತದೆ, ನಮಗೆ ಆರರ ಸುಮಾರಿಗೆ. ಇಬ್ಬರ ಕೈಗಡಿಯಾರವೂ ಒಂದೇ ಹೊತ್ತು ತೋರಿಸುತ್ತಿರುತ್ತದೆ, ಅದೇ ತಮಾಷೆ.

ಅಲ್ಲಿನ ಚಹಾ ತೋಟದವರು ಯಾರ ಅಪ್ಪಣೆಗೂ ಕಾಯಲಿಲ್ಲ. ಬ್ರಿಟಿಷರ ಕಾಲದಿಂದಲೂ ತೋಟದ ಗಡಿಯಾರ ಒಂದು ತಾಸು ಮುಂದೆ. ಅದಕ್ಕೆ ‘ಬಾಗಾನ್ ಟೈಮ್’ ಅಂತಲೇ ಹೆಸರು. ಎಲೆ ಕೀಳಲು ಬೆಳಕು ಬೇಕು, ಬೆಳಕು ಬಂದಾಗ ಕೆಲಸ ಶುರು. ತೋಟದೊಳಗೆ ಒಂಬತ್ತು, ಗೇಟು ದಾಟಿದರೆ ಎಂಟು! ಇಡೀ ಅಸ್ಸಾಮಿಗೇ ಹೀಗೆ ಮಾಡೋಣವೆಂದು 2014ರಲ್ಲಿ ಆಗಿನ ಮುಖ್ಯಮಂತ್ರಿ ತರುಣ್ ಗೊಗೊಯ್ ಹೇಳಿದರು. 2018ರಲ್ಲಿ ರಾಷ್ಟ್ರೀಯ ಭೌತ ಪ್ರಯೋಗಾಲಯದ ವಿಜ್ಞಾನಿಗಳು ದೇಶಕ್ಕೆ ಎರಡು ಹೊತ್ತು ಇಡಬಹುದೆಂದು ಬರೆದರು. ಕೇಂದ್ರ ಒಪ್ಪಲಿಲ್ಲ. ನನ್ನನ್ನು ಕೇಳಿದರೆ ಅಸ್ಸಾಮಿನವರದು ನ್ಯಾಯ. ಬಿಜಾಪುರ ಆಗ ಸೇರಿದ್ದ ಪ್ರಾಂತದ ರಾಜಧಾನಿ ಮುಂಬಯಿ ಏನು ಕಡಿಮೆ ಹಟ ಮಾಡಿತೇ? 1906ರಲ್ಲಿ ದೇಶಕ್ಕೆಲ್ಲ ಒಂದೇ ಹೊತ್ತು ಎಂದಾದ ಮೇಲೂ ಆ ಶಹರ ದಶಕಗಳ ಕಾಲ 39 ನಿಮಿಷ ಹಿಂದಿನ ತನ್ನದೇ ಹೊತ್ತನ್ನು ಬಿಡಲಿಲ್ಲ.

ಹಾಗಂತ ದಿಬ್ರುಗಢದವರು ಗಡಿಬಿಡಿಯ ಮಂದಿಯಲ್ಲ. ‘ಲಾಹೆ ಲಾಹೆ’, ನಿಧಾನ ನಿಧಾನ ಅನ್ನುವುದು ಅವರ ಬಾಯಲ್ಲೇ ಇದೆಯಂತೆ. ಆದರೆ ನಮ್ಮ ನಿಧಾನದ ಬಗೆ ಬೇರೆ. ನಮ್ಮದನ್ನು ಬಿಸಿಲು ಕಲಿಸಿದೆ. ಮೇ ತಿಂಗಳ ಮಧ್ಯಾಹ್ನ ಅಂಗಡಿಯ ಶಟರು ಅರ್ಧಕ್ಕಿಳಿದು, ಒಳಗೆ ಸಾಹುಕಾರರು ಫ್ಯಾನಿನ ಕೆಳಗೆ ಅಡ್ಡಾಗಿರುತ್ತಾರೆ. ಹೋಗಿ ಶಟರು ಬಡಿದರೆ ಎದ್ದು ಬರುವುದಿಲ್ಲ, ಮಲಗಿದಲ್ಲಿಂದಲೇ ರೇಟು ಹೇಳುತ್ತಾರೆ. ಹೊತ್ತು ಮುಳುಗಿದ ಮೇಲೆಯೇ ಗಾಂಧಿ ಚೌಕಕ್ಕೆ ಜೀವ ಬರುವುದು. ಗಿರಮಿಟ್ಟು, ಮಿರ್ಚಿ, ಅರ್ಧ ಕಪ್ ಚಾ, ಇಲ್ಲದ ರಾಜಕೀಯ. “ಏಳೂವರಿ ಆತಂದ್ರ ಇಲ್ಲಿ ಪ್ಯಾಟಿ ಖಾಲಿ ಮಾಮಾ, ಮಾತಾಡಾಕ ಮಂದಿನ ಇರೂದಿಲ್ಲ” ಎಂದು ಹುಡುಗ ಗೋಳಾಡುತ್ತಾನೆ. ನಾವು ಕುಡಿಯುವ ಚಾದ ಪುಡಿ ಕಳಿಸಿ, ಕುಡಿಯುತ್ತ ಕೂಡುವ ಹೊತ್ತನ್ನು ನಮಗೇ ಬಿಟ್ಟುಕೊಟ್ಟ ಪುಣ್ಯಾತ್ಮರು ಅವರು.

ಇಷ್ಟೆಲ್ಲ ಹೇಳಿದರೂ ನಮ್ಮ ಓಣಿಯನ್ನು ಆಳುವುದು ಮಿರ್ಜಾಪುರವೂ ಅಲ್ಲ, ಸೂರ್ಯನೂ ಅಲ್ಲ, ನಳ. ಅವನ ಊರಲ್ಲಿ ಬ್ರಹ್ಮಪುತ್ರೆಯ ನೀರು ಒಳಗೆ ನುಗ್ಗದಿರಲೆಂದು ಒಡ್ಡು ಕಟ್ಟಿ ಕಾಯುತ್ತಾರೆ. ನಾವು ಕೊಡ ಇಟ್ಟುಕೊಂಡು ನೀರಿನ ದಾರಿ ಕಾಯುತ್ತೇವೆ. ನಡುರಾತ್ರಿ ಎರಡಕ್ಕೆ ಯಾರೋ “ನೀರು ಬಂದಾವ್ರೀ” ಎಂದು ಕೂಗಿದರೆ ಇಡೀ ಓಣಿಗೆ ಬೆಳಗಾಗುತ್ತದೆ. ಮೊನ್ನೆ ರಜೆಗೆ ಬಂದ ಹುಡುಗ ಮೊಬೈಲಿನಲ್ಲಿ ಅಲಾರಾಂ ಇಟ್ಟುಕೊಳ್ಳಲು ನಿಂತು, “ಅಕ್ಕಾರ, ನೀರು ಎಷ್ಟಕ್ಕ ಬರ್ತಾವ್ರಿ?” ಅಂತ ಪಕ್ಕದ ಮನೆಯವರನ್ನು ಕೇಳಿದ.

“ಬಂದಾಗ ಎಬಸ್ತೀನಿ, ಮಕ್ಕೋ ಹೋಗಪಾ” ಅಂದರು ಅವರು.