ಗೋಕರ್ಣಕ್ಕೆ ಹೋದರೆ ಗಜನಿಯನ್ನೂ ನೋಡಿ

ಸಾಲು ರಜೆ ಬಂತೆಂದರೆ ಬೆಂಗಳೂರಿನ ಗೆಳೆಯರ ಮೆಸೇಜ್ ಬಂದೇ ಬರುತ್ತದೆ. "ನಿಮ್ಮ ಕಡೆ ಬರ್ತಿದ್ದೀವಿ, ಓಂ ಬೀಚ್ ಬಿಟ್ಟು ಬೇರೇನಿದೆ?" ಈ ಸಲ ಉತ್ತರ ಸ್ವಲ್ಪ ಉದ್ದ. ಅದಕ್ಕೇ ಇಲ್ಲಿ ಬರೀತಿದ್ದೇನೆ.

ಬೀಚಿನಿಂದ ದಕ್ಷಿಣಕ್ಕೆ ತದಡಿಗೆ ಬನ್ನಿ. ಶಿರಸಿ ಕಡೆಯಿಂದ ಹೊರಟ ಅಘನಾಶಿನಿ ನದಿ ಕಡಲು ಸೇರುವುದು ಇಲ್ಲೇ. ದಾರಿಯಲ್ಲಿ ದೊಡ್ಡ ಅಣೆಕಟ್ಟು ಒಂದೂ ಇಲ್ಲ. 2024ರ ಜನವರಿಯಲ್ಲಿ ಈ ಅಳಿವೆ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ನೆಲಗಳ ಪಟ್ಟಿಗೆ, ಸೇರಿತು. ಖುಷಿಯೇ. ಆದರೆ ಪಟ್ಟಿಗೆ ಸೇರುವ ಎಷ್ಟೋ ಮೊದಲಿಂದ ಇದನ್ನು ನೋಡಿಕೊಂಡವರು ಹಾಲಕ್ಕಿ ಒಕ್ಕಲಿಗರು, ಅಂಬಿಗರು, ದಡದ ಉಳಿದ ರೈತರು.

ಗಜನಿ ಅಂದರೆ ಈ ಅಳಿವೆಯ ದಡದಲ್ಲಿ ಉಪ್ಪುನೀರು ನುಗ್ಗುವ ಗದ್ದೆ. ಅಲ್ಲಿ ಬೆಳೆಯುವ ಭತ್ತ ಕಗ್ಗ. ಗೊಬ್ಬರ ಹಾಕುವುದಿಲ್ಲ, ನೆರೆ ತಂದ ಗೋಡುಮಣ್ಣೇ ಸಾಕು. ಕೊಯ್ಯುವಾಗ ತೆನೆ ಮಾತ್ರ ಕೊಯ್ದು ಹುಲ್ಲನ್ನು ನೀರಲ್ಲೇ ಬಿಡುತ್ತಾರೆ. ಆ ಹುಲ್ಲು ಕೊಳೆತರೆ ಸಿಗಡಿ, ಮೀನಿಗೆ ಊಟ. ಮೀನಿದ್ದರೆ ಹಕ್ಕಿ ಬರದೇ ಇರುತ್ತವಾ? ನೀವು ದೊಡ್ಡ ಕ್ಯಾಮರಾ ಹಿಡಿದು ಬರುವುದು ಅವೇ ಹಕ್ಕಿಗಳಿಗೆ!

ಈಗ ಕಗ್ಗ ಬೆಳೆಯುವವರು ಕಡಿಮೆಯಾಗಿದ್ದಾರೆ. ಗದ್ದೆ ಕಾಯುವ ಮಣ್ಣಿನ ಕಟ್ಟೆ ಎಲ್ಲರದ್ದು. ನಾಲ್ಕು ಜನ ಕೈಬಿಟ್ಟರೆ ಐದನೆಯವನು ಒಬ್ಬನೇ ಕಟ್ಟೆ ಕಟ್ಟಲಾರ. ಅವನೂ ಬಿಡುತ್ತಾನೆ. ಗದ್ದೆಯನ್ನು ಸಿಗಡಿ ಕೆರೆಗೆ ಕೊಟ್ಟರೆ ಕೈತುಂಬ ಹಣ ಅಂತ ಆಸೆ ಬೇರೆ.

ಬೀಚಿನಲ್ಲಿ ಬಾಟಲಿ ಹೆಕ್ಕಿ ಫೋಟೋ ಹಾಕುವವರ ಬಗ್ಗೆ ನನಗೆ ತಕರಾರಿಲ್ಲ. ಹೆಕ್ಕಿ. ಆದರೆ ರೂಮಿಗೆ ಕೊಟ್ಟ ಐದು ಸಾವಿರದಲ್ಲಿ ಈ ಕಟ್ಟೆಗೆ ಎಷ್ಟು ಬಂತು? ಸೊನ್ನೆ. ಅಳಿವೆ ಪಕ್ಕದ ಮಾಣಿಕಟ್ಟಾ ಊರಿನ ಕಡೆ ಹೋಗಿ, ಬೆಳೆದವರ ಮನೆಯಲ್ಲೇ ಕೇಳಿ ಎರಡು ಕಿಲೋ ಕಗ್ಗದಕ್ಕಿ ತಗೊಳ್ಳಿ. ಅಳಿವೆ ನೋಡಲು ಊರಿನ ದೋಣಿಯವರನ್ನೇ ಕರೆಯಿರಿ. ನೀರು ಇಳಿದ ಹೊತ್ತಿಗೆ ಹೆಂಗಸರು ಸೊಂಟದವರೆಗಿನ ಕೆಸರುನೀರಲ್ಲಿ ಬಳಚು (ತಿನ್ನುವ ಚಿಪ್ಪು) ಹೆಕ್ಕುತ್ತಿರುತ್ತಾರೆ. ಮೊಬೈಲ್ ಎತ್ತುವ ಮೊದಲು ಒಂದು ಮಾತು ಕೇಳಿ.

ಗೋಕರ್ಣದ ಪೇಟೆಯಲ್ಲಿ ಒಮ್ಮೆ ನೋಡಿದ್ದು. ಕುತ್ತಿಗೆ ತುಂಬ ಮಣಿಸರ ಹಾಕಿಕೊಂಡು ತರಕಾರಿ ಮಾರುತ್ತಿದ್ದ ಹಾಲಕ್ಕಿ ಅಜ್ಜಿಯ ಮುಂದೆ ಒಬ್ಬ ಹುಡುಗ ಕುಕ್ಕರಗಾಲಲ್ಲಿ ಕೂತು ಏಳೆಂಟು ಫೋಟೋ ಹೊಡೆದ. ಎದ್ದು ಹೊರಟವನಿಗೆ ಅಜ್ಜಿ, "ಫೋಟ ತೆಗದ್ಯಲಾ ತಮಾ, ಬದನೆಕಾಯಿ ಯಾರ ತಕಂತ್ರು?" ಅಂದಳು. ಅವನಿಗೆ ಕನ್ನಡ ಬರುತ್ತಿರಲಿಲ್ಲ, ನಕ್ಕು ಹೋದ. ಬದನೆಕಾಯಿ ನಾನೇ ತಗೊಂಡೆ. ಇಪ್ಪತ್ತು ರೂಪಾಯಿಗೆ ಚೌಕಾಸಿ ಮಾಡಲು ಬಾಯಿ ಬರಲಿಲ್ಲ.

ಹಾಂ, ಕಗ್ಗದಕ್ಕಿ ಕೆಂಪು, ದಪ್ಪ. ಗಂಜಿಗೆ ಅದರಷ್ಟು ರುಚಿ ಬೇರೊಂದಿಲ್ಲ. ಆದರೆ ಬೇಯಲು ಹೊತ್ತು ಬೇಕು. ಕುಕ್ಕರಿನಲ್ಲಿ ಮೂರು ಸೀಟಿಗೆ ಬೆಂದಿಲ್ಲ ಅಂತ ನನಗೆ ಫೋನ್ ಮಾಡಬೇಡಿ.