ಉಣುಗು ಕೀಳಲು ಒಪ್ಪಿಗೆ ಪತ್ರ

ಚಳಿ ಇಳಿಯುತ್ತಿದ್ದ ಹಾಗೆ ಮಗಳ ಶಿಶುವಿಹಾರದಿಂದ ಒಂದು ಕಾಗದ ಬಂತು. ಹೊರಗೆ ಆಡುವಾಗ ಮಗುವಿಗೆ ಉಣುಗು ಕಚ್ಚಿದ್ದು ಕಂಡರೆ ನಾವೇ ಕೀಳಬಹುದೇ, ಇಲ್ಲ ನಿಮಗೆ ಫೋನ್ ಮಾಡಬೇಕೇ? ಗುರುತು ಹಾಕಿ, ಸಹಿ ಮಾಡಿ ಕಳಿಸಿ.

ನನಗೆ ನಗು ಬಂತು. ಹೊಸನಗರ ತಾಲ್ಲೂಕಿನ ತೋಟದ ಮನೆಯಲ್ಲಿ ಬೆಳೆದವನ ಹತ್ತಿರ ಉಣುಗಿಗೆ ಸಹಿ ಕೇಳಿದರೆ ಇನ್ನೇನಾಗುತ್ತೆ? ದನದ ಕಿವಿಯಿಂದ ಕಿತ್ತದ್ದೆಷ್ಟೋ, ನಮ್ಮ ಮೈಯಿಂದ ಕಿತ್ತದ್ದೆಷ್ಟೋ. ಕಿತ್ತು ಬಚ್ಚಲೊಲೆಗೆ ಹಾಕಿದರೆ ಚಟ್ ಅನ್ನುತ್ತಿತ್ತು. ಅಲ್ಲಿಗೆ ಮುಗಿಯಿತು.

ಆದರೆ ಸಹಿ ಹಾಕುವ ಹೊತ್ತಿಗೆ ಹೊಟ್ಟೆಯಲ್ಲಿ ಒಂಥರಾ ಆಯಿತು. ನಾನಿರುವುದು ಜರ್ಮನಿಯ ದಕ್ಷಿಣಕ್ಕೆ, ಮ್ಯೂನಿಕ್ ಹತ್ತಿರ. ಇಲ್ಲಿಯ ಉಣುಗೂ ಒಂದು ವೈರಸ್ ಹೊತ್ತು ತಿರುಗುತ್ತದೆ. ಕೆಲವರಿಗೆ ಮೆದುಳಿನವರೆಗೂ ಹೋಗುತ್ತದೆ. ಆ ಕಾಯಿಲೆಗೆ ಎಫ್‌ಎಸ್‌ಎಂಇ ಅನ್ನುತ್ತಾರೆ. ಉಣುಗಿನಿಂದಲೇ ಹರಡುವ ನಮ್ಮ ಮಲೆನಾಡಿನ ಮಂಗನ ಕಾಯಿಲೆಯ ವೈರಸ್ಸೂ ಅದೇ ಕುಟುಂಬದ್ದು, ದಾಯಾದಿ ಅಂತಲೇ ಹೇಳಬಹುದು. ಕಚ್ಚುವ ಹುಳ ಒಂದೇ ಜಾತಿಯದ್ದಲ್ಲ, ಆದರೆ ಕಾಡು, ಹುಲ್ಲು, ಬರಿಗಾಲು ಎಲ್ಲ ಅದೇ.

ಇಲ್ಲಿ ರಾಬರ್ಟ್ ಕೋಖ್ ಸಂಸ್ಥೆ ಅಂತ ಇದೆ, ಸಾಂಕ್ರಾಮಿಕ ರೋಗಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ. ಯಾವ ಜಿಲ್ಲೆಯಲ್ಲಿ ಅಪಾಯ ಇದೆ ಅಂತ ಪ್ರತಿ ವರ್ಷ ನಕ್ಷೆ ಹೊರಡಿಸುತ್ತದೆ. ಬವೇರಿಯಾ ಹೆಚ್ಚುಕಮ್ಮಿ ಪೂರ್ತಿ ಆ ನಕ್ಷೆಯಲ್ಲಿದೆ. ಅಂಥ ಕಡೆ ಇರುವವರಿಗೆ ಲಸಿಕೆಯ ಖರ್ಚು ವಿಮೆಯದ್ದು. ಮೂರು ಡೋಸು, ಆಮೇಲೆ ಕೆಲವು ವರ್ಷಕ್ಕೊಮ್ಮೆ ಮತ್ತೊಂದು. ಔಷಧಿ ಅಂಗಡಿಯಲ್ಲಿ ಉಣುಗು ಕೀಳುವ ಚಿಮಟ ಸಿಗುತ್ತದೆ, ಅಂಚಿನಲ್ಲಿ ಕಚ್ಚು ಇರುವ ಪ್ಲಾಸ್ಟಿಕ್ ಕಾರ್ಡೂ ಸಿಗುತ್ತದೆ. ಪಕ್ಕದ ಮನೆಯ ಅಜ್ಜಿ ಅಣಬೆ ಹುಡುಕಲು ಕಾಡಿಗೆ ಹೋಗುವವರು. ವಾಪಸ್ ಬಂದು ಮೊದಲು ಮಾಡುವ ಕೆಲಸ ಮಂಡಿಯ ಹಿಂದೆ, ಕಿವಿಯ ಹಿಂದೆ ನೋಡಿಕೊಳ್ಳುವುದು. ಅಣಬೆ ಆಮೇಲೆ.

ನಮ್ಮಲ್ಲಿ? ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು ಈ ಕಾಯಿಲೆ ಗೊತ್ತಾದದ್ದು 1957ರಲ್ಲಿ. ಅಲ್ಲಿಂದ ಇಲ್ಲಿವರೆಗೂ ನಮಗೆ ಸುದ್ದಿ ಹೇಳುವುದು ಸತ್ತ ಮಂಗವೇ. ಮಂಗ ಸಾಯಬೇಕು, ಯಾರಾದರೂ ನೋಡಬೇಕು, ಪಂಚಾಯ್ತಿಗೆ ಹೇಳಬೇಕು, ಆಮೇಲೆ ಸುತ್ತ 50 ಮೀಟರ್ ಉಣುಗು ಕೊಲ್ಲುವ ಪುಡಿ ಹಾಕುತ್ತಾರೆ. ಅಷ್ಟರಲ್ಲಿ ಅದರ ಮೈಮೇಲಿದ್ದ ಉಣುಗು ಇಳಿದು ಹುಲ್ಲು, ದರಗು ಅಂದರೆ ಒಣ ಎಲೆ ಸೇರಿರುತ್ತದೆ. ಮನುಷ್ಯರಿಗೆ ಜಾಸ್ತಿ ಕಚ್ಚುವುದು ಮರಿ ಉಣುಗು, ಸಾಸಿವೆಗಿಂತ ಸಣ್ಣದು. ಹುಡುಕದೆ ಕಾಣುವುದಿಲ್ಲ.

ಕಾಯಿಲೆಯ ಕಾಲ ಡಿಸೆಂಬರಿನಿಂದ ಮೇವರೆಗೆ. ಅಡಿಕೆ ಕೊಯ್ಲು, ಆಮೇಲೆ ಕೊಟ್ಟಿಗೆಗೆ ದರಗು, ಸೌದೆ. ಬೆಟ್ಟಕ್ಕೆ ಹೋಗದೆ ವಿಧಿಯೇ ಇಲ್ಲದ ತಿಂಗಳುಗಳು. 2018ರ ಕೊನೆಯಲ್ಲಿ, 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಸಾವುಗಳಾದಾಗ ಎಲ್ಲರೂ ಬಂದರು, ಕ್ಯಾಮೆರಾ ಬಂತು, ಸಭೆಗಳಾದವು. ಮಳೆಗಾಲ ಹಿಡಿಯಿತು, ಮಾತು ನಿಂತಿತು.

ಲಸಿಕೆ ಇತ್ತು. 1990ರ ಸುಮಾರಿಗೆ ಶುರುವಾದದ್ದು. ಕೈ ಉರಿಯುತ್ತೆ ಅಂತ ಒಂದು ಡೋಸಿಗೇ ಕೈಮುಗಿದವರು ನಮ್ಮ ಕೇರಿಯಲ್ಲೇ ಇದ್ದಾರೆ. ಕೊನೆಗೆ ಅದು ಸರಿಯಾಗಿ ಕೆಲಸ ಮಾಡುತ್ತಿಲ್ಲ ಅಂತ ನಿಲ್ಲಿಸಿದರು. ಈಗ ಉಳಿದಿರುವುದು ಉಣುಗು ಹತ್ತದ ಹಾಗೆ ಮೈಗೆ ಹಚ್ಚುವ ಡೆಪಾ ಎಣ್ಣೆ.

ಆ ಕಾಗದಕ್ಕೆ ಸಹಿ ಮಾಡಿದ ದಿನ ಅತ್ತಿಗೆಗೆ ಫೋನ್ ಮಾಡಿದೆ. ಎಣ್ಣೆ ಹಚ್ಚಿಕೊಳ್ತಿದೀರಾ ಅಂದೆ.

"ಅದನ್ನ ಮೆತ್ಕೊಂಡು ದರಗು ಗುಡ್ಸಕ್ಕಾಗುತ್ತಾ ಮಾರಾಯ? ಬೆವರಿಗೆ ಅರ್ಧ ಗಂಟೆಲಿ ಇಳಿದು ಹೋಗುತ್ತೆ."

"ಬಂದ ಮೇಲೆ ಬಿಸಿನೀರಿಗೆ ಸ್ನಾನ ಮಾಡಿ, ಬಟ್ಟೆ ನೆನೆಸಿ."

"ಬಂದ ಮೇಲೆ ಹಾಲು ಕರಿಯೋರು ಯಾರು, ನೀನು ಬರ್ತೀಯಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಇಲ್ಲಿಯ ಪಕ್ಕದ ಮನೆಯ ಅಜ್ಜಿಗೆ ಕಾಡು ಅಂದರೆ ಭಾನುವಾರದ ಸಂಗತಿ. ಅತ್ತಿಗೆಗೆ ದಿನಾ ಹೋಗುವ ಜಾಗ, ಅದೂ ಸೊಪ್ಪಿನ ಹೊರೆ ಹೊತ್ತು. ಭಾನುವಾರ ಹುಷಾರಾಗಿರುವುದು ಸುಲಭ, ಅಲ್ವಾ?

ಇನ್ನೂ ಒಂದು ಒಪ್ಪಿಕೊಳ್ಳಬೇಕು. ನಮ್ಮವರು ಸುಮ್ನೆ ಕೂತಿದ್ದರು ಅನ್ನುವುದು ಸರಿಯಲ್ಲ. ರಷ್ಯಾ ಕಡೆಯ ಉಣುಗು ಜ್ವರದ ಲಸಿಕೆಯನ್ನು ಶುರುವಿನ ವರ್ಷಗಳಲ್ಲೇ ಶಿವಮೊಗ್ಗದಲ್ಲಿ ಕೊಟ್ಟು ನೋಡಿದ್ದರು. ಹಿಡಿಯಲಿಲ್ಲ. ಜರ್ಮನಿಯ ಲಸಿಕೆಗೆ ಕೊಳ್ಳುವವರಿದ್ದಾರೆ, ವಿಮೆ ಇದೆ, ಬೆಟ್ಟ ಹತ್ತುವ ಪ್ರವಾಸಿಗರಿದ್ದಾರೆ. ನಮ್ಮದಕ್ಕೆ ಘಟ್ಟದ ಒಂದಷ್ಟು ತಾಲ್ಲೂಕಿನ ಕೂಲಿಯವರು, ಸಣ್ಣ ಹಿಡುವಳಿಯವರು ಬಿಟ್ಟರೆ ಗಿರಾಕಿ ಎಲ್ಲಿ? ಆದರೂ ಐಸಿಎಂಆರ್, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಹೊಸ ಲಸಿಕೆಯ ಕೆಲಸಕ್ಕೆ ಕೈ ಹಾಕಿದೆ. ಜರ್ಮನರೂ ಭಾರಿ ಶಿಸ್ತಿನವರೇನಲ್ಲ. ಬಿಟ್ಟಿ ಸಿಕ್ಕರೂ ಹಾಕಿಸಿಕೊಳ್ಳದವರು ನನ್ನ ಆಫೀಸಿನಲ್ಲೇ ಇದ್ದಾರೆ. ಲಸಿಕೆಯ ವಿಷಯದಲ್ಲಿ ಪಕ್ಕದ ಆಸ್ಟ್ರಿಯಾದವರು ಇವರಿಗಿಂತ ಎಷ್ಟೋ ಮುಂದು.

ಮತ್ತೆ ಆಶಾ ಕಾರ್ಯಕರ್ತೆಯರು. ದಿಬ್ಬ ಹತ್ತಿ, ಹಳ್ಳ ದಾಟಿ, ಒಂಟಿ ಮನೆಗೂ ಎಣ್ಣೆ ಬಾಟಲಿ ಮುಟ್ಟಿಸಿ, ಯಾರಿಗೆ ಜ್ವರ ಅಂತ ಕೇಳಿ ಬರೆದುಕೊಂಡು ಹೋಗುತ್ತಾರೆ. ಅಂಥವರು ಇಲ್ಲಿ ಯಾರ ಮನೆ ಬಾಗಿಲಿಗೂ ಬಂದದ್ದು ನಾನು ನೋಡಿಲ್ಲ.

ನನ್ನ ತಕರಾರು ಕಾಲದ್ದು. ಆ ಬಾಟಲಿ ನಮ್ಮೂರಿಗೆ ಬರುವುದು ಮಂಗ ಸತ್ತ ಮೇಲೆ ಅಂತ ಅತ್ತಿಗೆ ಹೇಳುತ್ತಾರೆ. ಅಡಿಕೆ ಕೊನೆ ತೆಗೆಯುವವರು ಮರ ಹತ್ತುವ ಮೊದಲು, ನವೆಂಬರಿನಲ್ಲೇ ಬರಲಿ. ಹೋದ ವರ್ಷ ಯಾವ ಬೆಟ್ಟದಲ್ಲಿ ಮಂಗ ಸತ್ತಿತ್ತು, ಯಾವ ಊರಲ್ಲಿ ಜ್ವರ ಬಂದಿತ್ತು ಅಂತ ಒಂದು ಹಾಳೆ ಬರೆದು ಹಾಲಿನ ಡೇರಿ ಗೋಡೆಗೆ ಅಂಟಿಸಲಿ. ಅದಕ್ಕೆ ಜರ್ಮನಿಯ ದುಡ್ಡೇನೂ ಬೇಕಿಲ್ಲ.