ಮೂರು ಬ್ಯಾಸ್ಕೆಟ್ ಬಿದ್ದರೆ ಬೆಂಕಿ

ಬ್ಯಾಸ್ಕೆಟ್‌ಬಾಲ್ ನಿಯಮಗಳ ಪುಸ್ತಕವನ್ನು ಎದುರಿಗಿಟ್ಟುಕೊಂಡು ಒಂದೊಂದೇ ನಿಯಮವನ್ನು ಹೊಡೆದುಹಾಕುತ್ತ ಹೋದರೆ ಕೊನೆಗೆ ಏನು ಉಳಿದೀತು? ಐದೈದು ಜನ ಯಾಕೆ, ಇಬ್ಬಿಬ್ಬರು ಸಾಕು. ಪಂದ್ಯದ ಕಾಲುಭಾಗವಾದ ಕ್ವಾರ್ಟರಿಗೆ 12 ನಿಮಿಷ ಯಾಕೆ, 3 ನಿಮಿಷ ಧಾರಾಳವಾಯಿತು. ಫೌಲ್ ಬೇಡ, ಫ್ರೀ ಥ್ರೋ ಬೇಡ, ರೆಫರಿಯಂತೂ ಬೇಡವೇ ಬೇಡ. ಎದುರಾಳಿಯನ್ನು ನೂಕಿ ನೆಲಕ್ಕೆ ಕೆಡವಿದರೂ ಸೀಟಿ ಊದುವವರಿಲ್ಲ. ಅಮೆರಿಕದ ಮಿಡ್‌ವೇ ಕಂಪನಿ 1993ರಲ್ಲಿ ಹೊರತಂದ, ಯಂತ್ರಕ್ಕೆ ನಾಣ್ಯ ಹಾಕಿ ಆಡುವ ‘ಎನ್‌ಬಿಎ ಜ್ಯಾಮ್’ (ಎನ್‌ಬಿಎ ಎಂದರೆ ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್) ಎಂಬ ಆರ್ಕೇಡ್ ಗೇಮ್‌ನಲ್ಲಿ ಹೀಗೆ ಹೊಡೆದುಹಾಕಿ ಉಳಿದದ್ದು ಎರಡೇ ಕಟ್ಟಳೆ. ಒಂದು, 24 ಸೆಕೆಂಡಿನೊಳಗೆ ಶೂಟ್ ಮಾಡಬೇಕು. ಇನ್ನೊಂದು, ರಿಂಗಿನತ್ತ ಇಳಿಯುತ್ತಿರುವ ಚೆಂಡಿಗೆ ಕೈ ಹಾಕಬಾರದು. ಹಾಕಿದರೆ ಅದು ಗೋಲ್‌ಟೆಂಡಿಂಗ್. ಈ ಎರಡನೆಯದಕ್ಕೂ ಒಂದು ವಿನಾಯಿತಿ ಇಟ್ಟಿದ್ದಾರೆ. ಆಟದ ಮಜವೆಲ್ಲ ಇರುವುದು ಆ ವಿನಾಯಿತಿಯಲ್ಲಿ.

ಯಂತ್ರದ ಮುಂದೆ ನಾಲ್ಕು ಜನ ಭುಜಕ್ಕೆ ಭುಜ ತಾಗಿಸಿ ನಿಲ್ಲಬಹುದು. ಒಬ್ಬೊಬ್ಬರಿಗೆ ಒಂದು ಜಾಯ್‌ಸ್ಟಿಕ್, ಮೂರು ಬಟನ್: ವೇಗ ಹೆಚ್ಚಿಸುವ ಟರ್ಬೊ, ಶೂಟ್, ಪಾಸ್. ಚೆಂಡು ಎದುರಾಳಿಯ ಕೈಯಲ್ಲಿದ್ದಾಗ ಶೂಟ್ ಬಟನ್ನೇ ಬ್ಲಾಕ್ (ಎಸೆತ ತಡೆಯಲು), ಪಾಸ್ ಬಟನ್ನೇ ಸ್ಟೀಲ್ (ಚೆಂಡು ಕಸಿಯಲು). ಟರ್ಬೊ ಒತ್ತಿ ಹಿಡಿದು ಸ್ಟೀಲ್ ಒತ್ತಿದರೆ ನೂಕು. ಟರ್ಬೊ ಒತ್ತಿ ಹಿಡಿದು, ರಿಂಗಿನ ಕಡೆ ಓಡುತ್ತ ಶೂಟ್ ಒತ್ತಿದರೆ ಡಂಕ್, ಅಂದರೆ ನೆಗೆದು ಚೆಂಡನ್ನು ರಿಂಗಿನೊಳಕ್ಕೇ ತುರುಕುವುದು. ಕಲಿಯಬೇಕಾದ ಪಾಠ ಇಷ್ಟೇ. ಆದರೂ ಹೊಸಬರು ಎರಡು ಕಡೆ ತಪ್ಪದೆ ಎಡವುತ್ತಾರೆ. ಟರ್ಬೊ ಇದೆಯೆಂದು ಹೆಬ್ಬೆರಳು ತೆಗೆಯದೆ ಒತ್ತಿಕೊಂಡೇ ಓಡುತ್ತಾರೆ. ರಿಂಗಿನ ಬಳಿ ತಲುಪುವ ಹೊತ್ತಿಗೆ ಟರ್ಬೊ ಪಟ್ಟಿ ಖಾಲಿಯಾಗಿ, ಡಂಕ್ ಆಗಬೇಕಾದದ್ದು ರಿಂಗಿನ ಬಳಿಯಿಂದ ಮೆಲ್ಲಗೆ ಎಸೆಯುವ ಸಪ್ಪೆ ಲೇಅಪ್ ಆಗುತ್ತದೆ. ಎರಡನೆಯದು ಜಂಪ್ ಶಾಟ್. ಇಲ್ಲಿ ಬಟನ್ ಒತ್ತುವುದಕ್ಕಿಂತ ಬಿಡುವುದು ಮುಖ್ಯ. ಒತ್ತಿದಾಗ ಆಟಗಾರ ನೆಗೆಯುತ್ತಾನೆ, ಬಿಟ್ಟಾಗ ಚೆಂಡು ಹೊರಡುತ್ತದೆ. ನೆಗೆತದ ತುದಿಯಲ್ಲಿ ಬಿಟ್ಟರೆ ಸರಿ. ಗಾಬರಿಯಲ್ಲಿ ಬೇಗ ಬಿಟ್ಟರೂ, ಕೆಳಗಿಳಿಯುವಾಗ ಬಿಟ್ಟರೂ ಚೆಂಡು ರಿಂಗಿಗೆ ಬಡಿದು ವಾಪಸು ಬರುತ್ತದೆ.

ನೂಕುವುದಕ್ಕೂ ಒಂದು ಕ್ರಮ ಉಂಟು. ಚೆಂಡು ಹಿಡಿದವನನ್ನು ನೂಕಬೇಕೆಂದು ಯಾರಾದರೂ ಹೇಳಿಯಾರು. ಪಳಗಿದವರು ಚೆಂಡಿಲ್ಲದವನನ್ನು ಮೊದಲು ಕೆಡವುತ್ತಾರೆ. ಅವನು ಬಿದ್ದು ಏಳುವಷ್ಟು ಹೊತ್ತು ಆಟ ಇಬ್ಬರಿಗೆ ಒಬ್ಬನಾಗುತ್ತದೆ, ಚೆಂಡು ಹಿಡಿದವನಿಗೆ ಪಾಸ್ ಕೊಡಲು ಜನವೇ ಇರುವುದಿಲ್ಲ. ಸಭ್ಯತೆಯ ಪ್ರಶ್ನೆ ಎತ್ತುವವರು ಬೇರೆ ಆಟ ಹುಡುಕಿಕೊಳ್ಳುವುದು ಒಳ್ಳೆಯದು.

ಇನ್ನು ಆ ವಿನಾಯಿತಿಗೆ ಬರೋಣ. ಒಬ್ಬನೇ ಆಟಗಾರ ಸಾಲಾಗಿ ಎರಡು ಬ್ಯಾಸ್ಕೆಟ್ ಹಾಕಿದ ಕೂಡಲೇ, ಯಂತ್ರದೊಳಗಿಂದ ಟಿಮ್ ಕಿಟ್ಜ್ರೋ ಎಂಬ ಕಾಮೆಂಟೇಟರ್ ‘ಹೀಸ್ ಹೀಟಿಂಗ್ ಅಪ್’ ಎಂದು ಎಚ್ಚರಿಸುತ್ತಾನೆ. ಮೂರನೆಯದೂ ಬಿತ್ತೋ, ‘ಹೀಸ್ ಆನ್ ಫೈರ್!’ ಅಲ್ಲಿಂದ ಮುಂದೆ ಅವನ ಕೈಯಲ್ಲಿ ಚೆಂಡು ಅಕ್ಷರಶಃ ಉರಿಯುತ್ತದೆ. ಟರ್ಬೊ ಮುಗಿಯುವ ಮಾತಿಲ್ಲ. ಎಲ್ಲಿಂದ ಎಸೆದರೂ ಬೀಳುವ ಸಂಭವ ಹೆಚ್ಚು. ಗೋಲ್‌ಟೆಂಡಿಂಗ್ ಕಟ್ಟಳೆ ಅವನಿಗೆ ಅನ್ವಯಿಸುವುದೇ ಇಲ್ಲ. ಈ ವೈಭವ ಮುಗಿಯುವುದು ಎರಡೇ ದಾರಿಯಲ್ಲಿ: ಎದುರು ತಂಡ ಒಂದು ಬ್ಯಾಸ್ಕೆಟ್ ಹಾಕಬೇಕು, ಇಲ್ಲವೇ ಉರಿಯುತ್ತಿರುವವನೇ ಇನ್ನೂ ನಾಲ್ಕು ಹಾಕಿ ತಣ್ಣಗಾಗಬೇಕು.

ಎದುರು ತಂಡದವರು ಇಲ್ಲಿ ಮಾಡುವ ತಪ್ಪು ಒಂದೇ. ಅಂತರ ಬೇಗ ತಗ್ಗಿಸಬೇಕೆಂಬ ಆತುರದಲ್ಲಿ ದೂರದಿಂದ ಮೂರು ಪಾಯಿಂಟಿಗೆ ಎಸೆಯುತ್ತಾರೆ. ಚೆಂಡು ಎತ್ತರಕ್ಕೆ ಹೋಗಿ ಸಾವಕಾಶವಾಗಿ ಇಳಿಯುವಾಗ, ಆ ಉರಿಯುವ ಮನುಷ್ಯ ರಿಂಗಿನ ಬಾಯಲ್ಲೇ ಅದನ್ನು ಹೊಡೆದಟ್ಟುತ್ತಾನೆ, ಕೇಳುವವರಿಲ್ಲ. ಬೆಂಕಿ ಆರಿಸಲು ಎರಡು ಪಾಯಿಂಟೂ ಸಾಕು. ಆದ್ದರಿಂದ ಟರ್ಬೊ ಉಳಿಸಿಕೊಂಡು, ಜೊತೆಗಾರನಿಂದ ಅವನನ್ನು ನೂಕಿಸಿ, ಒಳನುಗ್ಗಿ ಡಂಕ್ ಮಾಡುವುದೇ ಸರಿಯಾದ ಉಪಾಯ. ಇನ್ನೂ ಜಾಣರು ಅಲ್ಲಿಯವರೆಗೆ ಬಿಡುವುದಿಲ್ಲ. ‘ಹೀಟಿಂಗ್ ಅಪ್’ ಕಿವಿಗೆ ಬಿದ್ದ ಕ್ಷಣವೇ ಇಬ್ಬರೂ ಸೇರಿ ಆ ಒಬ್ಬನನ್ನು ಎದ್ದಲ್ಲೆಲ್ಲ ಕೆಡವುತ್ತಾರೆ.

ಈ ಬೆಂಕಿಯ ಬಗ್ಗೆ ವಿದ್ವಾಂಸರೂ ಜಗಳಾಡಿದ್ದಾರೆಂದರೆ ನಗು ಬರಬಹುದು. ಕೈ ಬಿಸಿಯಾಗಿದೆ, ಇವತ್ತು ಅವನು ಎಸೆದದ್ದೆಲ್ಲ ಬೀಳುತ್ತದೆ ಎಂದು ಬ್ಯಾಸ್ಕೆಟ್‌ಬಾಲ್ ಆಡುವವರೆಲ್ಲ ನಂಬುತ್ತಾರೆ. 1985ರಲ್ಲಿ ಗಿಲೋವಿಚ್, ವಲೋನ್, ಟ್ವೆರ್ಸ್ಕಿ ಎಂಬ ಮೂವರು ಮನಶ್ಶಾಸ್ತ್ರಜ್ಞರು ಫಿಲಡೆಲ್ಫಿಯಾ ತಂಡದ ಶಾಟ್‌ಗಳ ಲೆಕ್ಕ ತೆಗೆದು, ಅಂಥ ಬಿಸಿ ಏನೂ ಇಲ್ಲ, ಅದು ನೋಡುವವರ ಭ್ರಮೆ ಎಂದು ಸಾರಿದರು. ಎಂಟು ವರ್ಷದ ನಂತರ ಬಂದ ಜ್ಯಾಮ್ ಆ ಪ್ರಬಂಧಕ್ಕೆ ಕಿವಿಗೊಡಲಿಲ್ಲ; ಭ್ರಮೆಯನ್ನೇ ನಿಯಮ ಮಾಡಿ ಚೆಂಡಿಗೆ ಬೆಂಕಿ ಹಚ್ಚಿತು. 2018ರಲ್ಲಿ ಮಿಲ್ಲರ್ ಮತ್ತು ಸಂಹುರ್ಹೊ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಆ ಹಳೆಯ ಲೆಕ್ಕದಲ್ಲೇ ಒಂದು ಸೂಕ್ಷ್ಮ ದೋಷವಿದೆ ಎಂದು ತೋರಿಸಿದರು. ದೋಷ ಏನೆಂದು ಕಾಗದದ ಮೇಲೆ ನೋಡಬಹುದು. ನಾಣ್ಯವನ್ನು ಮೂರು ಸಲ ಚಿಮ್ಮಿದರೆ ಎಂಟು ಬಗೆಯ ಸಾಲು ಬರಬಹುದು. ಪ್ರತಿ ಸಾಲಿನಲ್ಲೂ ‘ತಲೆ’ ಬಿದ್ದ ಮರುಸಲ ಮತ್ತೆ ತಲೆಯೇ ಬಿದ್ದದ್ದು ಎಷ್ಟು ಪಾಲು ಎಂದು ಬರೆಯಿರಿ. ಮೊದಲೆರಡು ಸಲ ತಲೆಯೇ ಬೀಳದ ಎರಡು ಸಾಲುಗಳಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ. ಉಳಿದ ಆರರ ಸರಾಸರಿ ಅರ್ಧ ಬರುವುದಿಲ್ಲ, 5/12 ಬರುತ್ತದೆ. ಅಂದರೆ ಚಿಕ್ಕ ಚಿಕ್ಕ ಸಾಲುಗಳನ್ನು ಹೀಗೆ ಅಳೆದರೆ ಅಳತೆಗೋಲೇ ಬಿಸಿಯನ್ನು ಕಡಿಮೆ ತೋರಿಸುತ್ತದೆ. ಇದನ್ನು ಸರಿಪಡಿಸಿಕೊಂಡು ನೋಡಿದಾಗ ಬಿಸಿ ಕೈ ತೀರಾ ಕಟ್ಟುಕತೆಯಲ್ಲ ಎಂದಾಯಿತು. ಹಾಗೆಂದು ರಿಂಗಿನ ಬಲೆ ಸುಡುವಷ್ಟೇನೂ ಇಲ್ಲ.

ಗೆದ್ದವನಿಗೇ ಇನ್ನಷ್ಟು ಬಲ ಕೊಡುವ ಆಟ ಬೇಗ ಬೇಸರವಾಗಬೇಕು. ಒಬ್ಬನಿಗೆ ಬೆಂಕಿ ಹತ್ತಿತು, ಹನ್ನೆರಡು ಪಾಯಿಂಟ್ ಅಂತರವಾಯಿತು, ಸೋಲುವವನು ಮುಂದಿನ ಕ್ವಾರ್ಟರಿಗೆ ನಾಣ್ಯ ಹಾಕದೆ ಹೊರಟುಹೋದ. ಅಲ್ಲಿಗೆ ಯಂತ್ರದ ಸಂಪಾದನೆ ನಿಂತಿತು. ಯಾಕೆಂದರೆ ಇಲ್ಲಿ ನಾಣ್ಯ ಪಂದ್ಯಕ್ಕೊಂದು ಸಲವಲ್ಲ, ಆಟ ಮುಂದುವರಿಯಬೇಕಾದರೆ ಕ್ವಾರ್ಟರ್ ಕ್ವಾರ್ಟರಿಗೂ ಬೀಳಬೇಕು. ಹಾಗಾಗಿ ಯಂತ್ರದೊಳಗೆ ಇನ್ನೊಂದು ಕೈ ಕೆಲಸ ಮಾಡುತ್ತದೆ. ಹಿಂದೆ ಬಿದ್ದ ತಂಡದ ಶಾಟ್‌ಗಳು ಸ್ವಲ್ಪ ಹೆಚ್ಚು ಬೀಳುತ್ತವೆ, ಮುಂದಿರುವ ತಂಡದವು ಸ್ವಲ್ಪ ಕಡಿಮೆ. ಮಕ್ಕಳ ಜೊತೆ ಇಸ್ಪೀಟಾಡುವ ಅಜ್ಜಿ ಅಳುವ ಮೊಮ್ಮಗನಿಗೆ ಒಂದು ಒಳ್ಳೆಯ ಎಲೆ ಸರಿಸುತ್ತಾಳಲ್ಲ, ಹಾಗೆ. ಅಜ್ಜಿ ಕಾಸು ಕೇಳುವುದಿಲ್ಲ ಎಂಬುದಷ್ಟೇ ವ್ಯತ್ಯಾಸ. ಬೆಂಕಿ ಅಂತರವನ್ನು ಹಿಗ್ಗಿಸುತ್ತದೆ, ಈ ಗುಟ್ಟಿನ ಸಹಾಯ ಕುಗ್ಗಿಸುತ್ತದೆ. ಎರಡರ ಎಳೆದಾಟದಲ್ಲಿ ಹೆಚ್ಚಿನ ಪಂದ್ಯಗಳು ಕೊನೆಯ ಅರ್ಧ ನಿಮಿಷದವರೆಗೆ ತೂಗಾಡುತ್ತವೆ. ಇದು ಮೋಸ ಹೌದು. ಆದರೆ ಯಾರ ಪರವೂ ಅಲ್ಲದ ಮೋಸ.

ಯಾರ ಪರವೂ ಅಲ್ಲ ಎಂದೆನಲ್ಲ, ಅದಕ್ಕೊಂದು ಅಪವಾದವಿದೆ. ಆಟವನ್ನು ರೂಪಿಸಿದ ಮಾರ್ಕ್ ಟರ್ಮೆಲ್ ಮಿಷಿಗನ್‌ನವರು, ಡೆಟ್ರಾಯಿಟ್ ಪಿಸ್ಟನ್ಸ್ ಅಭಿಮಾನಿ. ಆ ಕಾಲದಲ್ಲಿ ಪಿಸ್ಟನ್ಸ್‌ಗೂ ಷಿಕಾಗೊ ಬುಲ್ಸ್‌ಗೂ ಎಣ್ಣೆ ಸೀಗೇಕಾಯಿ. ಈ ಎರಡು ತಂಡಗಳ ನಡುವೆ ಪಂದ್ಯ ಬಿಗಿಯಾಗಿದ್ದು, ಬುಲ್ಸ್‌ನವರು ಕೊನೇ ಕ್ಷಣದಲ್ಲಿ ಎಸೆದರೆ ಅದು ಬೀಳದಂತೆ ಕೋಡ್ ಬರೆದಿದ್ದೆ ಎಂದು ಟರ್ಮೆಲ್ ಅವರೇ ಆಮೇಲೆ ಒಪ್ಪಿಕೊಂಡರು. ಅಷ್ಟು ವರ್ಷ ತಮ್ಮ ಬೆರಳನ್ನೇ ಶಪಿಸಿಕೊಂಡ ಷಿಕಾಗೊ ಹುಡುಗರ ಗತಿ ಏನು? ಬುಲ್ಸ್‌ನ ಪಿಪ್ಪೆನ್, ಗ್ರಾಂಟ್ ಜೋಡಿ ಹಿಡಿದು ಪಿಸ್ಟನ್ಸ್ ಎದುರು ಆಡುವವರಿಗೆ ಬುದ್ಧಿಮಾತು ಇಷ್ಟೇ: ಗೆಲ್ಲುವುದಿದ್ದರೆ ಗಡಿಯಾರದಲ್ಲಿ ಹತ್ತಾರು ಸೆಕೆಂಡ್ ಉಳಿದಿರುವಾಗಲೇ ಗೆಲ್ಲಿ.

ಬುಲ್ಸ್ ಎಂದಮೇಲೆ ಆ ತಂಡದ ದೊಡ್ಡ ತಾರೆ ಮೈಕೆಲ್ ಜೋರ್ಡನ್ ಎಲ್ಲಿ ಎಂದು ಕೇಳುತ್ತೀರಿ. ಇಲ್ಲ. ತನ್ನ ಹೆಸರು, ಮುಖದ ಹಕ್ಕನ್ನು ಆಟಗಾರರ ಸಂಘದ ಸಾಮೂಹಿಕ ಒಪ್ಪಂದದಿಂದ ಆತ ಹೊರಗಿಟ್ಟುಕೊಂಡಿದ್ದ. ಎನ್‌ಬಿಎ ಕೂಡ ಮೊದಲು ಒಲ್ಲೆ ಎಂದಿತ್ತು. ಇಂಥ ಯಂತ್ರಗಳನ್ನಿಟ್ಟ ಆರ್ಕೇಡ್ ಎಂದರೆ ಪೋಲಿಗಳ ಅಡ್ಡೆ ಎಂಬ ಭಾವನೆ. ಒಳ್ಳೆಯ ಆರ್ಕೇಡ್‌ಗಳ ವಿಡಿಯೊ ತೋರಿಸಿ ಮನವೊಲಿಸಬೇಕಾಯಿತು. ಕೊನೆಗೆ 27 ತಂಡ, ತಂಡಕ್ಕಿಬ್ಬರಂತೆ ಆಟಗಾರರು ಸಿಕ್ಕರು. ಬೇರೆಯವರನ್ನು ಆಡಿಸಿ ಚಿತ್ರೀಕರಿಸಿ, ಆ ಮೈಗಳ ಮೇಲೆ ನಿಜ ಆಟಗಾರರ ತಲೆ ಅಂಟಿಸಿದರು. ಯೂಟಾ ತಂಡದ ಸ್ಟಾಕ್ಟನ್, ಮಲೋನ್ ಜೋಡಿ ಇಲ್ಲೂ ಜೊತೆಗಿತ್ತು. ನಿಜದ ಅಂಗಳದಲ್ಲಿ ಅಚ್ಚುಕಟ್ಟಾಗಿ ಪಾಸ್ ಕೊಡುತ್ತಿದ್ದ ಸ್ಟಾಕ್ಟನ್ ಇಲ್ಲಿ ಜನರನ್ನು ನೂಕುತ್ತ ತಿರುಗುತ್ತಾನೆ.

ಡಂಕ್‌ಗಳ ವಿಷಯ ಕೇಳಲೇಬೇಡಿ. ರಿಂಗ್ ಇರುವುದು 10 ಅಡಿ ಎತ್ತರದಲ್ಲಿ. ಇಲ್ಲಿಯವರು ಅದರ ಎಷ್ಟೋ ಮೇಲೆ ಪಲ್ಟಿ ಹೊಡೆದು ಇಳಿಯುತ್ತಾರೆ, ಕೆಳಗೆ ಕಿಟ್ಜ್ರೋ ‘ಬೂಮ್‌ಶಕಲಕ!’ ಎಂದು ಕಿರುಚುತ್ತಾನೆ. ಕೆಲವೊಮ್ಮೆ ಗಾಜಿನ ಬೋರ್ಡೇ ಪುಡಿಪುಡಿ. ಇದೊಂದು ಮಾತ್ರ ಪೂರಾ ಉತ್ಪ್ರೇಕ್ಷೆಯಲ್ಲ. ಡ್ಯಾರಿಲ್ ಡಾಕಿನ್ಸ್ ಎಂಬ ಆಟಗಾರ 1979ರಲ್ಲಿ ಒಂದೇ ತಿಂಗಳ ಆಸುಪಾಸಿನಲ್ಲಿ ಎರಡು ಬೋರ್ಡ್ ಒಡೆದದ್ದರಿಂದಲೇ ಬಾಗಿ ಮತ್ತೆ ನೆಟ್ಟಗಾಗುವ ಸ್ಪ್ರಿಂಗ್ ರಿಂಗ್‌ಗಳತ್ತ ಎನ್‌ಬಿಎ ಹೊರಳಿತು. ಜ್ಯಾಮ್ ಬಂದ 1993ರಲ್ಲೇ ಶಕೀಲ್ ಓನೀಲ್ ನ್ಯೂಜೆರ್ಸಿಯಲ್ಲಿ ಡಂಕ್ ಮಾಡಿ ನೇತಾಡಿದಾಗ ಬೋರ್ಡು, ರಿಂಗು ಎಲ್ಲ ಕಳಚಿ ಅವನ ಮೇಲೇ ಬಿತ್ತು. ಆಟದ ಪ್ರಚಾರಕ್ಕೆ ಮಿಡ್‌ವೇ ಬೇರೆ ಖರ್ಚು ಮಾಡಬೇಕಿರಲಿಲ್ಲ.

ಜನ ಮುಗಿಬಿದ್ದರು. ಕಾಲು ಡಾಲರ್ ನಾಣ್ಯಗಳಲ್ಲೇ ಒಂದು ಬಿಲಿಯನ್ ಡಾಲರ್ ದುಡಿಯಿತು ಎಂಬ ಮಾತು ಇಂದಿಗೂ ಚಾಲ್ತಿಯಲ್ಲಿದೆ. 1994ರ ಮಾರ್ಚ್ 4ರಂದು ಅಕ್ಲೇಮ್ ಕಂಪನಿ ಇದನ್ನು ಮನೆಯ ಟಿವಿಗೆ ಜೋಡಿಸಿ ಆಡುವ ಸೂಪರ್ ನಿಂಟೆಂಡೊ, ಸೆಗಾ ಜೆನೆಸಿಸ್‌ಗಳಿಗೆ ತಂದಿತು. ಮನೆಗೆ ಬಂದ ಆಟದಲ್ಲಿ ಗುಟ್ಟು ರಟ್ಟಾಯಿತು: ‘ಕಂಪ್ಯೂಟರ್ ಅಸಿಸ್ಟೆನ್ಸ್’ ಎಂಬ ಆಯ್ಕೆಯನ್ನೇ ಕೊಟ್ಟರು, ಬೇಕಾದರೆ ಇಟ್ಟುಕೊಳ್ಳಿ, ಬೇಡವಾದರೆ ಆಫ್ ಮಾಡಿ. ಕುಶಲರೆಲ್ಲ ಆಫ್ ಮಾಡಬೇಕೆಂದು ವಾದಿಸುತ್ತಾರೆ. ನ್ಯಾಯವಾದ ಮಾತೇ. ಆದರೆ ಸಮಬಲರಲ್ಲದ ಇಬ್ಬರು ಅದನ್ನು ಆಫ್ ಮಾಡಿ ಕೂತರೆ ಎರಡನೇ ಕ್ವಾರ್ಟರ್ ಮುಗಿಯುವಷ್ಟರಲ್ಲಿ ಒಬ್ಬನಿಗೆ ಆಕಳಿಕೆ, ಇನ್ನೊಬ್ಬನಿಗೆ ಸಿಟ್ಟು. ಹಾಗೇ ಇಟ್ಟುಕೊಳ್ಳುವುದು ವಾಸಿ ಎಂಬುದು ಈ ಲೇಖಕನ ಪಕ್ಷ. ಆಮೇಲೆ ಬಂದ ಟೂರ್ನಮೆಂಟ್ ಎಡಿಷನ್ ತಂಡಕ್ಕೆ ಹೆಚ್ಚು ಆಟಗಾರರನ್ನೂ, ಅಂಗಳದ ಮೇಲೆ ಹೆಚ್ಚುವರಿ ಪಾಯಿಂಟಿನ ಗುರುತುಗಳನ್ನೂ ಸೇರಿಸಿತು. ಗುರುತಿನ ಮೇಲೆ ಹೋಗಿ ನಿಲ್ಲುವ ಗಡಿಬಿಡಿಯಲ್ಲಿ ಆಟದ ಓಟ ಕುಂಟುತ್ತದೆ; ಹಳೆಯದೇ ಮೇಲು.

ವಾಸ್ತವಕ್ಕೆ ಹತ್ತಿರವಿರಬೇಕೆಂದು ಹೊರಟ ಆಟಗಳ ಪಾಡೂ ಒಂದಿಷ್ಟು ನೋಡಬೇಕು. 2010ರಲ್ಲಿ ಇಎ ಕಂಪನಿ ‘ಎನ್‌ಬಿಎ ಎಲೀಟ್ 11’ ಎಂಬುದನ್ನು ಸಿದ್ಧಪಡಿಸಿತು. ಅದರ ಡೆಮೊದಲ್ಲಿ ಲೇಕರ್ಸ್ ತಂಡದ ಆಟಗಾರ ಆಂಡ್ರ್ಯೂ ಬೈನಮ್ ಅಂಗಳದ ನಟ್ಟನಡುವೆ ಎರಡೂ ಕೈ ಅಗಲಿಸಿ ಶಿಲುಬೆಯಂತೆ ನಿಂತುಬಿಟ್ಟ. ಉಳಿದವರು ಅವನ ಸುತ್ತ ಆಡುತ್ತಲೇ ಇದ್ದರು. ಆ ವಿಡಿಯೊ ಊರೆಲ್ಲ ಹರಿದಾಡಿತು, ಆಟ ಅಂಗಡಿಗೆ ಬರುವ ಮುನ್ನವೇ ರದ್ದಾಯಿತು. ಅದರ ಜೊತೆ ಉಡುಗೊರೆಯಾಗಿ ಕೊಡಬೇಕೆಂದಿದ್ದ ಹೊಸ ಜ್ಯಾಮ್ ಒಂಟಿಯಾಗಿ ಮಾರುಕಟ್ಟೆಗೆ ಬಂತು, ಅದೇ ಕಿಟ್ಜ್ರೋ ಕಂಠದೊಂದಿಗೆ. ಅದೇ ಹೊತ್ತಿಗೆ ಎದುರಾಳಿ ‘ಎನ್‌ಬಿಎ 2ಕೆ11’ ಮುಖಪುಟದಲ್ಲಿ ಜೋರ್ಡನ್‌ನನ್ನೇ ನಿಲ್ಲಿಸಿ ಮೈದಾನ ಗೆದ್ದಿತು. ಆ 2ಕೆ ಸರಣಿಯೂ ಎಷ್ಟೇ ಗಂಭೀರವಾಗಿದ್ದರೂ 2ಕೆ19ರಲ್ಲಿ ‘ಟೇಕೋವರ್’ ತಂದಿತು: ಚೆನ್ನಾಗಿ ಆಡಿದವನ ಪಟ್ಟಿ ತುಂಬುತ್ತದೆ, ತುಂಬಿದ ಮೇಲೆ ಅವನಿಗೆ ಹೆಚ್ಚಿನ ಬಲ. ಚೆಂಡಿಗೆ ಬೆಂಕಿ ಹಚ್ಚುವಷ್ಟು ಧೈರ್ಯ ಮಾತ್ರ ಮಾಡಲಿಲ್ಲ.

2020ರಲ್ಲಿ ಆರ್ಕೇಡ್‌ಒನ್‌ಅಪ್ ಕಂಪನಿ ಜ್ಯಾಮ್ ಯಂತ್ರವನ್ನು ಮನೆಯ ಹಾಲ್‌ನಲ್ಲಿ ಇಡಬಹುದಾದ ಗಾತ್ರಕ್ಕೆ ಇಳಿಸಿ ಮಾರಾಟಕ್ಕಿಟ್ಟಿತು. ನಾಲ್ಕು ಜಾಯ್‌ಸ್ಟಿಕ್, ಒಳಗೆ ಅದೇ ಹಳೆಯ ಆಟ. ನಾಣ್ಯ ಹಾಕುವ ಗೋಜಿಲ್ಲ, ಎಷ್ಟು ಸಲ ಸೋತರೂ ಖರ್ಚಿಲ್ಲ. ಆದರೂ ಹಿಂದೆ ಬಿದ್ದವನ ಶಾಟ್‌ಗಳು ಈಗಲೂ ಸ್ವಲ್ಪ ಹೆಚ್ಚೇ ಬೀಳುತ್ತವೆ.